ಆ ಫಾರಂಗೆ ಸಹಿ ಹಾಕಬೇಡ, ಪುಟ್ಟಿ

ಬ್ರಹ್ಮಾವರ, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೋ ನೋಡಿದೆ. 25 ವರ್ಷದ ರಿಟೈರ್‌ಮೆಂಟ್ ಪ್ಲಾನು, ತಿಂಗಳಿಗೆ 2,000 ದಿರ್ಹಮ್, ಕೊನೆಗೆ ಕೈಗೆ ಬರುವ ದುಡ್ಡಿನ ಬಣ್ಣದ ಗ್ರಾಫು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಬುಧಾಬಿಗೆ ಹೋಗಿ ಮೂರೇ ವರ್ಷಕ್ಕೆ ಮುಪ್ಪಿನ ಕಾಲಕ್ಕೆ ಉಳಿಸಬೇಕು ಅನ್ನುವ ಯೋಚನೆ ನಿನಗೆ ಬಂದಿದೆಯಲ್ಲ, ನನಗೆ ನಿಜಕ್ಕೂ ಖುಷಿ. ಆದರೆ ಆ ಫಾರಂಗೆ ಸಹಿ ಹಾಕಬೇಡ. ಅದರ ಬದಲು ಷೇರುಗಳ ಇಂಡೆಕ್ಸ್ ಫಂಡಿನಲ್ಲಿ (ಏನದು ಅಂತ ಮುಂದೆ ಹೇಳುತ್ತೇನೆ) ಮತ್ತು ಬಾಂಡಿನಲ್ಲಿ, ಅಂದರೆ ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಡುವ ಸಾಲದಲ್ಲಿ, ನೀನೇ ಉಳಿಸು.

ಇಂಥದ್ದೇ ಒಂದಕ್ಕೆ ನಾನು 2005ರಲ್ಲಿ ಸಹಿ ಹಾಕಿದ್ದೆ. ದುಬೈಯ ಕರಾಮಾದ ಒಂದು ಹೋಟೆಲಿನಲ್ಲಿ, ಮಸಾಲೆದೋಸೆ ತಿಂದು ಕೈ ತೊಳೆದು ಬಂದು ಕೂತ ಮೇಲೆ, ನಮ್ಮ ಕಡೆಯವನೇ ಆದ ಏಜೆಂಟ್ ಪೆನ್ನು ಕೊಟ್ಟ. ತಿಂಗಳಿಗೆ 1,500 ದಿರ್ಹಮ್. ಮೊದಲ 18 ತಿಂಗಳ ಕಂತು ಬೇರೆ ಲೆಕ್ಕದಲ್ಲಿ ಕೂರುತ್ತದೆ, ಪ್ಲಾನು ಮುಗಿಯುವವರೆಗೂ ಪ್ರತಿ ವರ್ಷ ಅದರಿಂದ ಚಾರ್ಜು ಮುರಿದುಕೊಳ್ಳುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಆ ಪಾಲಿನ ಹೆಚ್ಚಿನದು ಅವರಿಗೇ ಅಂತ ಒಳಗಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ಓದಲಿಲ್ಲ.

2009ರ ಫೆಬ್ರವರಿಯಲ್ಲಿ ನಮ್ಮ ಸೈಟ್ ನಿಂತಿತು, ಕೆಲಸ ಹೋಯಿತು. ವೀಸಾ ರದ್ದಾದರೆ ಆಗ ಒಂದೇ ತಿಂಗಳ ಅವಕಾಶ. ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ ಕೊಟ್ಟಾಗಿತ್ತು, ಅದು ಬೌನ್ಸ್ ಆದರೆ ಆ ಕಾಲದಲ್ಲಿ ಜೈಲು. ಪ್ಲಾನು ಮುರಿದೆ. 44 ಕಂತು, ಒಟ್ಟು 66,000 ದಿರ್ಹಮ್ ಕಟ್ಟಿದ್ದೆ. ಬಂದದ್ದು 19,000ದ ಚೆಕ್. ನಿನ್ನ ಅತ್ತೆ ಆ ಚೆಕ್ಕನ್ನು ಎರಡು ಸಲ ತಿರುಗಿಸಿ ನೋಡಿದಳು, ಹಿಂದುಗಡೆ ಇನ್ನೇನಾದರೂ ಬರೆದಿದೆಯಾ ಅಂತ.

ಕಳೆದುಹೋದದ್ದರಲ್ಲಿ ಅರ್ಧ ಚಾರ್ಜಿಗೆ ಹೋಯಿತು, ಇನ್ನರ್ಧ ಅವರು ದುಡ್ಡು ಹಾಕಿದ್ದ ಷೇರು ಪೇಟೆ ಬಿದ್ದದ್ದಕ್ಕೆ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ನಮ್ಮ ಸೆನ್ಸೆಕ್ಸ್ ಮರುವರ್ಷ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿಗೆ ಬಿದ್ದಿತ್ತು, ಬೇರೆ ದೇಶಗಳದ್ದೂ ಅದೇ ಪಾಡು. ಇದನ್ನೇ ನೀನು ಚೆನ್ನಾಗಿ ತಿಳಿದುಕೊಳ್ಳಬೇಕು ಮಗಾ. ಊರಲ್ಲಿ ಇರುವವರಿಗೆ ಕೆಲಸ ಹೋದರೂ ಮನೆ ಇರುತ್ತದೆ. ಅಲ್ಲಿ ಕೆಲಸದ ಜೊತೆ ವೀಸಾ, ವೀಸಾದ ಜೊತೆ ಮನೆ, ಮಕ್ಕಳ ಶಾಲೆ ಎಲ್ಲ ಹೋಗುತ್ತದೆ. ಅದೂ ಷೇರು ಪೇಟೆ ಬಿದ್ದ ಹೊತ್ತಿಗೇ, ಯಾಕಂದರೆ ಕಂಪನಿಗಳು ಜನರನ್ನು ಕಳಿಸುವುದು ಆಗಲೇ. ಆಗ ಮಾರಲು ನಿನ್ನ ಹತ್ತಿರ ಷೇರು ಮಾತ್ರ ಇದ್ದರೆ ಅರ್ಧ ಬೆಲೆಗೆ ಮಾರುತ್ತೀಯ. ಬಾಂಡ್ ಬೇಕಾಗಿರುವುದು ಅದಕ್ಕೇ, ಲಾಭಕ್ಕಲ್ಲ. ಪೇಟೆ ಬಿದ್ದ ವರ್ಷದಲ್ಲಿ ಇಂಡೆಕ್ಸ್ ಫಂಡನ್ನು ಮಾರದೆ ಇರಲಿಕ್ಕೆ.

ಕೆಲಸ ಬಿಡುವಾಗ ಕಂಪನಿ ಗ್ರಾಚ್ಯುಟಿ ಕೊಡುತ್ತದಲ್ಲ ಅಂತೀಯ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಅದೂ ಬೇಸಿಕ್ ಮೇಲೆ, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳದ ಮೇಲೆ ಮಾತ್ರ. ನಿನ್ನ ಸ್ಲಿಪ್ ತೆಗೆದು ನೋಡು, ಬೇಸಿಕ್ ಎಷ್ಟಿದೆ ಅಂತ. ನಮ್ಮಂಥ ಹೊರಗಿನವರಿಗೆ ಆ ಸರ್ಕಾರದ ಪಿಂಚಣಿ ಇಲ್ಲ.

ಈಗ ಇಂಡೆಕ್ಸ್ ಫಂಡಿನ ವಿಷಯ. ಯಾವ ಕಂಪನಿ ಗೆಲ್ಲುತ್ತದೆ ಅಂತ ನೀನೂ ಹುಡುಕಬೇಕಿಲ್ಲ, ಏಜೆಂಟೂ ಹುಡುಕಬೇಕಿಲ್ಲ, ಎಲ್ಲವನ್ನೂ ಅವುಗಳ ಗಾತ್ರಕ್ಕೆ ತಕ್ಕ ಹಾಗೆ ಸ್ವಲ್ಪ ಸ್ವಲ್ಪ ಕೊಂಡು ಇಟ್ಟುಬಿಡುವುದು. ವ್ಯಾನ್‌ಗಾರ್ಡ್ ಅನ್ನುವ ಫಂಡ್ ಕಂಪನಿಯ ಎಫ್‌ಟಿಎಸ್‌ಇ ಆಲ್-ವರ್ಲ್ಡ್ ಥರದ ಒಂದೇ ಫಂಡಿನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕಂಪನಿ ಇವೆ, ಭಾರತದ್ದೂ ಸೇರಿ. ವರ್ಷದ ಖರ್ಚು ಶೇ 0.25ಕ್ಕಿಂತ ಕಡಿಮೆ. ಈ ಖರ್ಚನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇ 7ರಂತೆ ಬೆಳೆದರೆ 30 ವರ್ಷಕ್ಕೆ 7.6 ಲಕ್ಷ. ಅದರಲ್ಲಿ ಶೇ 2 ಚಾರ್ಜು ಹೋಗಿ ಶೇ 5 ಉಳಿದರೆ 4.3 ಲಕ್ಷ. ಸುಮ್ನೆ ಎರಡು ಅಂತ ಕಾಣುತ್ತದೆ, ಅಲ್ವಾ?

ಕೊಳ್ಳುವಾಗ ಅಮೆರಿಕದಲ್ಲಿ ನೋಂದಾಯಿಸಿದ ಫಂಡ್ ಬೇಡ, ಐರ್ಲೆಂಡಿನದ್ದು ತಗೋ. ಲಂಡನ್ ಷೇರು ಪೇಟೆಯಲ್ಲಿ ಸಿಗುತ್ತದೆ, ಹೆಸರಿನಲ್ಲಿ ಯುಸಿಐಟಿಎಸ್ (UCITS, ಯುರೋಪಿನ ನಿಯಮದ ಫಂಡ್ ಅನ್ನುವ ಗುರುತು) ಅಂತ ಇರುತ್ತದೆ. ಅಮೆರಿಕದ ಪ್ರಜೆಯಲ್ಲದೆ, ಅಲ್ಲಿ ನೆಲೆಸದೆ ಇರುವವರು ತೀರಿಕೊಂಡರೆ ಅವರ ಹೆಸರಿನಲ್ಲಿರುವ ಅಮೆರಿಕದ ಆಸ್ತಿಯಲ್ಲಿ 60,000 ಡಾಲರ್ ದಾಟಿದ್ದಕ್ಕೆ ಅಲ್ಲಿನ ಸರ್ಕಾರ ಶೇ 40ರವರೆಗೆ ತೆರಿಗೆ ಹಾಕುತ್ತದೆ. ಅಲ್ಲಿನ ಷೇರು, ಅಲ್ಲಿ ನೋಂದಾಯಿಸಿದ ಫಂಡ್ ಎಲ್ಲ ಅದಕ್ಕೆ ಸೇರುತ್ತವೆ. ಐರ್ಲೆಂಡಿನ ಫಂಡ್ ಅದೇ ಕಂಪನಿಗಳನ್ನು ಇಟ್ಟುಕೊಂಡಿದ್ದರೂ ಈ ತೆರಿಗೆ ತಾಗುವುದಿಲ್ಲ. ಅಮೆರಿಕದ ಕಂಪನಿಗಳು ಹಂಚುವ ಲಾಭದ (ಡಿವಿಡೆಂಡ್) ಮೇಲೆ ಅಲ್ಲಿ ಹಿಡಿಯುವ ತೆರಿಗೆಯೂ ಶೇ 30ರ ಬದಲು ಶೇ 15.

ಬಾಂಡಿನಲ್ಲಿ ಎಲ್ಲರೂ ಎಡವುವುದು ಅವಧಿಯ ಲೆಕ್ಕದಲ್ಲಿ. ನಿನ್ನ ಹತ್ತಿರ ಶೇ 5 ಬಡ್ಡಿಯ 10 ವರ್ಷದ ಬಾಂಡ್ ಇದೆ ಅಂದುಕೋ. ಹೊಸದಾಗಿ ಶೇ 7ರದ್ದು ಸಿಗುವಾಗ ನಿನ್ನದನ್ನು ಪೂರ್ತಿ ಬೆಲೆಗೆ ಯಾರು ತೆಗೆದುಕೊಳ್ಳುತ್ತಾರೆ? 2022ರಲ್ಲಿ ಹಾಗೇ ಆಯಿತು. ಅಮೆರಿಕದ ಬಡ್ಡಿ ಸೊನ್ನೆಯ ಹತ್ತಿರದಿಂದ ಒಂದೇ ವರ್ಷದಲ್ಲಿ ಶೇ 4 ದಾಟಿತು, ಷೇರಿನ ಜೊತೆ ಬಾಂಡ್ ಫಂಡುಗಳೂ ಬಿದ್ದವು, ಉದ್ದ ಅವಧಿಯವು ಇನ್ನೂ ಜಾಸ್ತಿ. ಯಾವಾಗ ಬೇಕಾದೀತೋ ಗೊತ್ತಿಲ್ಲದ ದುಡ್ಡು ಒಂದರಿಂದ ಮೂರು ವರ್ಷದ ಸರ್ಕಾರಿ ಬಾಂಡಿನಲ್ಲಿ ಇರಲಿ. ಕಂಪನಿ ಬಾಂಡಿಗೆ ಬಡ್ಡಿ ಜಾಸ್ತಿ ಅಂತ ಆಸೆ ತೋರಿಸುತ್ತಾರೆ, ಆದರೆ ಪೇಟೆ ಕೆಟ್ಟಾಗ ಅವೂ ಷೇರಿನ ಜೊತೆಗೇ ಬೀಳುತ್ತವೆ.

ಯಾವ ಕರೆನ್ಸಿ ಅನ್ನುವುದೂ ಮುಖ್ಯ. ನಾನು 1998ರಲ್ಲಿ ಹೋದಾಗ ಒಂದು ದಿರ್ಹಮ್‌ಗೆ 11 ರೂಪಾಯಿ. 2024ರಲ್ಲಿ 22 ದಾಟಿತ್ತು. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ, ಹಾಗಾಗಿ ಎಲ್ಲವನ್ನೂ ರೂಪಾಯಿ ಮಾಡುವ ಆತುರ ಬೇಡ. ಆದರೆ ನೀನು ಮುದುಕಿಯಾದಾಗ ಅಕ್ಕಿ, ಆಸ್ಪತ್ರೆ, ಮನೆಯ ಹಂಚು ಬದಲಾಯಿಸುವ ಖರ್ಚು ಎಲ್ಲ ಇಲ್ಲೇ, ರೂಪಾಯಿಯಲ್ಲೇ. ಅದಕ್ಕೆ ಒಂದು ಪಾಲು ಎನ್‌ಆರ್‌ಇ ಎಫ್‌ಡಿಯಲ್ಲಿಡು, ಅಂದರೆ ಅನಿವಾಸಿಗಳು ಹೊರಗೆ ದುಡಿದದ್ದನ್ನು ಇಲ್ಲಿನ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿಯಲ್ಲಿ. ನೀನು ಅನಿವಾಸಿ ಆಗಿರುವಷ್ಟು ದಿನ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆರ್‌ಬಿಐನ ರಿಟೇಲ್ ಡೈರೆಕ್ಟ್ 2021ರಿಂದ ಇದೆ, ಅದರಲ್ಲಿ ಅನಿವಾಸಿಗಳೂ ಸರ್ಕಾರಿ ಬಾಂಡ್ ಕೊಳ್ಳಬಹುದು, ಆದರೆ ಆ ಬಡ್ಡಿಗೆ ತೆರಿಗೆ ಇದೆ. ಹಾಗಾಗಿ ರೂಪಾಯಿಯ ಪಾಲಿಗೆ ಸದ್ಯಕ್ಕೆ ನಿನಗೆ ಎಫ್‌ಡಿಯೇ ಬಾಂಡ್ ಇದ್ದ ಹಾಗೆ. ಒಂದೇ ಬ್ಯಾಂಕಿನಲ್ಲಿ ಎಲ್ಲ ಇಡಬೇಡ, ಬ್ಯಾಂಕ್ ಮುಳುಗಿದರೆ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕೆ ಮಾತ್ರ. ಬೆಂಗಳೂರಿನಲ್ಲಿದ್ದಾಗ ತೆರೆದ ಪಿಪಿಎಫ್ ಇದೆಯಲ್ಲ, ಅದರ 15 ವರ್ಷ ಮುಗಿಯುವವರೆಗೂ ಕಟ್ಟು. ಹೊಸದು ತೆರೆಯಲು ಅನಿವಾಸಿಗಳಿಗೆ ಬರುವುದಿಲ್ಲ.

ಎಷ್ಟೆಷ್ಟು ಅಂತ ಕೇಳುತ್ತೀಯ. ನಿನಗೆ 31. ನಾನಾಗಿದ್ದರೆ ಮೊದಲು ಎಂಟು ತಿಂಗಳ ಖರ್ಚನ್ನು ಅಲ್ಲಿನ ಬ್ಯಾಂಕಿನಲ್ಲೇ ಬಿಡುತ್ತಿದ್ದೆ. ಆಮೇಲೆ ಉಳಿದ ಪ್ರತಿ ಹತ್ತು ರೂಪಾಯಿಯಲ್ಲಿ ಏಳು ಇಂಡೆಕ್ಸ್ ಫಂಡಿಗೆ, ಮೂರು ಬಾಂಡಿಗೆ ಮತ್ತು ಎಫ್‌ಡಿಗೆ. ನಿನ್ನ ವಯಸ್ಸಿಗೆ ಬಾಂಡ್ ಜಾಸ್ತಿಯಾಯಿತು ಅಂತ ಬೇರೆಯವರು ಹೇಳಬಹುದು. ಅವರ ವೀಸಾ ಕಂಪನಿಯ ಕೈಯಲ್ಲಿ ಇದೆಯಾ, ಕೇಳು. ಊರಿಗೆ ಬರುವ ವರ್ಷ ಹತ್ತಿರ ಆದ ಹಾಗೆ ಬಾಂಡಿನ ಪಾಲು ಏರಿಸುತ್ತಾ ಬಾ.

ನಿನಗೆ ಈ ಪ್ಲಾನು ತಂದ ಏಜೆಂಟ್ ನಿನ್ನ ಗೆಳತಿಯ ಅಣ್ಣ, ಬೇಡ ಅನ್ನಲು ಸಂಕೋಚ ಅಂತ ನೀನು ಬರೆದಿದ್ದೆ. ಮಾವ ಬೇಡ ಅಂದರು ಅಂತ ನನ್ನ ಹೆಸರು ಹೇಳು. ಅವನು ಕೇಳಿದರೆ ನನ್ನ ನಂಬರನ್ನೂ ಕೊಡು, ನಾನೇ ಮಾತಾಡುತ್ತೇನೆ. ಡಿಸೆಂಬರ್‌ನಲ್ಲಿ ಬರುವಾಗ ಸಂಬಳದ ಸ್ಲಿಪ್ಪು, ಪಿಪಿಎಫ್ ಪಾಸ್‌ಬುಕ್ ತಗೊಂಡು ಬಾ. ಎಲ್ಲ ಖಾತೆಗೂ ನಾಮಿನಿ ಯಾರು ಅಂತ ಅಮ್ಮನ ಜೊತೆ ಕೂತು ನೋಡೋಣ.

ನಿನ್ನ ಮಾವ