ಥಿಯೇಟರ್ ಒಳಗಿನ ತಿಂಡಿಗೂ ಹೊರಗಿನ ತಿಂಡಿಗೂ ಒಂದೇ ನಿಯಮ ಇರಲಿ: ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ.

ಸಿನಿಮಾ ಥಿಯೇಟರಿನ ಗೇಟಿನಲ್ಲಿ ದಿನಾ ನಡೆಯುವ ಒಂದು ಜಗಳದ ಬಗ್ಗೆ ಬರೆಯುತ್ತಿದ್ದೇನೆ. ಬ್ಯಾಗ್ ತೆಗೆಸುತ್ತಾರೆ. ಒಳಗೆ ಕೈ ಹಾಕಿ ನೋಡುತ್ತಾರೆ. ತಿಂಡಿ ಸಿಕ್ಕರೆ ಹೊರಗಿಡಿ ಎನ್ನುತ್ತಾರೆ. ಬಂದವರು ಯಾಕೆ ಅಂತ ಕೇಳುತ್ತಾರೆ. "ಹೊರಗಿನ ತಿಂಡಿ ಬಿಡಲ್ಲ, ರೂಲ್ಸು" ಎಂಬುದೊಂದೇ ಉತ್ತರ. ಆ ರೂಲ್ಸು ಯಾಕಿದೆ ಎಂದು ಗೇಟಿನಲ್ಲಿ ನಿಂತವರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಮಾತಿಗೆ ಮಾತು ಬೆಳೆಯುತ್ತದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಸಿನಿಮಾ ನೋಡಲು ಬಂದವರು ಮುಖ ಗಂಟು ಹಾಕಿಕೊಂಡು ಒಳಗೆ ಹೋಗುತ್ತಾರೆ.

ಮಾಲೀಕರನ್ನು ಕೇಳಿದರೆ ಎರಡು ಕಾರಣ ಕೊಡುತ್ತಾರೆ. ಒಂದು ಶಿಸ್ತು: ಹೊರಗಿನ ತಿಂಡಿ ತಂದರೆ ವಾಸನೆ, ಸದ್ದು, ಗಲೀಜು. ಇನ್ನೊಂದು ವ್ಯಾಪಾರ: ಒಳಗಿನ ಕೌಂಟರ್ ನಡೆಯಬೇಕು. ಎರಡರಲ್ಲೂ ಹುರುಳಿದೆ. ಆದರೆ ವ್ಯಾಪಾರದ ಕಾರಣಕ್ಕೆ ಮಾಡಿದ ನಿಯಮವನ್ನು ಶಿಸ್ತಿನ ಹೆಸರಿನಲ್ಲಿ ಹೇರಿದರೆ ಎರಡೂ ಕೆಡುತ್ತವೆ. ನನ್ನ ಬೇಡಿಕೆ ಇಷ್ಟೇ: ತಿಂಡಿಯನ್ನು ಎಲ್ಲಿ ಕೊಂಡರು ಎಂದು ನೋಡಬೇಡಿ. ಅದು ಪಕ್ಕದ ಸೀಟಿನವರಿಗೆ ತೊಂದರೆ ಕೊಡುತ್ತದೆಯೇ ಎಂದು ನೋಡಿ ನಿಯಮ ಮಾಡಿ. ಆ ನಿಯಮ ಒಳಗಿನ ಕೌಂಟರಿಗೂ ಅನ್ವಯಿಸಲಿ.

ಥಿಯೇಟರ್ ತಿಂಡಿ ಎಂದರೆ ಮೊದಲು ನೆನಪಾಗುವುದು ಪಾಪ್‌ಕಾರ್ನ್, ಅಲ್ವಾ? ಅದೂ ಒಂದು ಕಾಲಕ್ಕೆ ಹೊರಗಿನ ತಿಂಡಿಯೇ ಆಗಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಅಮೆರಿಕದ ದೊಡ್ಡ ಚಿತ್ರಮಂದಿರಗಳು ನಾಟಕಶಾಲೆಗಳ ಠೀವಿಯಲ್ಲಿ ಇರುತ್ತಿದ್ದವು. ನೆಲಕ್ಕೆ ದುಬಾರಿ ಕಾರ್ಪೆಟ್. ಪಾಪ್‌ಕಾರ್ನ್ ಕಾಳು ಅದರ ಮೇಲೆ ಚೆಲ್ಲುತ್ತದೆ, ಜಗಿಯುವ ಸದ್ದು ಕೇಳುತ್ತದೆ ಎಂದು ಮಾಲೀಕರು ಅದನ್ನು ಒಳಗೆ ಬಿಡುತ್ತಿರಲಿಲ್ಲ. ಕೋಟಿನ ಜೊತೆ ಪಾಪ್‌ಕಾರ್ನನ್ನೂ ಬಾಗಿಲಲ್ಲೇ ಇಟ್ಟು ಬನ್ನಿ ಎಂದು ಕೆಲವು ಕಡೆ ಬೋರ್ಡ್ ಹಾಕಿದ್ದರಂತೆ. ಜನ ಬೀದಿಯ ಗಾಡಿಯಲ್ಲಿ ಕೊಂಡು ಕೋಟಿನೊಳಗೆ ಬಚ್ಚಿಟ್ಟುಕೊಂಡು ಬರುತ್ತಿದ್ದರು.

1927ರಲ್ಲಿ ಟಾಕಿ ಬಂತು. ಪರದೆಯಿಂದಲೇ ಸದ್ದು ಬರತೊಡಗಿದ ಮೇಲೆ ಜಗಿಯುವ ಸದ್ದು ಅಷ್ಟಾಗಿ ಕೇಳದಾಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮಾಲೀಕರಿಗೆ ಕಾಸಿನ ಕಷ್ಟ ಬಂತು. ಮೊದಲು ಗಾಡಿಯವರಿಂದ ಬಾಡಿಗೆ ಪಡೆದು ಅವರನ್ನು ಬಾಗಿಲ ಬಳಿ ನಿಲ್ಲಲು ಬಿಟ್ಟರು. ಆಮೇಲೆ ಈ ಲಾಭ ಬೇರೆಯವರಿಗೆ ಯಾಕೆ ಎಂದು ಯಂತ್ರವನ್ನು ತಾವೇ ತಂದಿಟ್ಟುಕೊಂಡರು. ಪಾಪ್‌ಕಾರ್ನ್ ಬದಲಾಗಲಿಲ್ಲ. ಅದೇ ಕಾಳು, ಅದೇ ಸದ್ದು, ನೆಲದ ಮೇಲೆ ಅದೇ ಕಸ. ಮಾರುವ ಕೈ ಬದಲಾಯಿತು, ಅಶಿಸ್ತು ಎನಿಸಿಕೊಂಡಿದ್ದ ತಿಂಡಿ ಥಿಯೇಟರಿನ ಗುರುತಾಯಿತು.

ಈ ಕಾಲದ ಥಿಯೇಟರಿಗೆ ಬರೋಣ. ಒಳಗಿನ ಕೌಂಟರಿನಲ್ಲಿ ಈಗ ಬಿಸಿ ಬಿಸಿ ಕರಿದ ತಿಂಡಿ ಸಿಗುತ್ತದೆ, ಚೀಸ್ ಸುರಿದ ಚಿಪ್ಸ್ ಸಿಗುತ್ತದೆ, ಕೆಲವು ಕಡೆ ಪೂರ್ತಿ ಊಟವೇ ಸಿಗುತ್ತದೆ. ಸೀಟಿನಲ್ಲೇ ಕೂತು ಆರ್ಡರ್ ಮಾಡುವ ಸೌಲಭ್ಯ ಬೇರೆ. ಅದು ಹೇಗೆ ನಡೆಯುತ್ತದೆ ಎಂದು ಒಮ್ಮೆ ಕತ್ತಲಲ್ಲಿ ಕೂತು ನೋಡಿ. ಪರದೆ ಮೇಲೆ ತಾಯಿಯೊಬ್ಬಳು ಮಗನ ಸಾವಿನ ಸುದ್ದಿ ಕೇಳುತ್ತಿರುತ್ತಾಳೆ. ಹಾಲ್ ನಿಶ್ಶಬ್ದ. ಆಗ ಟ್ರೇ ಹಿಡಿದ ಹುಡುಗನೊಬ್ಬ ಬಗ್ಗಿಕೊಂಡು ಬರುತ್ತಾನೆ. ಸೀಟ್ ನಂಬರ್ ನೋಡಲು ಟಾರ್ಚ್ ಹಾಕುತ್ತಾನೆ, ಆ ಬೆಳಕು ನಾಲ್ಕು ಜನರ ಮುಖದ ಮೇಲೆ ಹಾದು ಹೋಗುತ್ತದೆ. "ಸರ್, ಆರ್ಡರ್ ನಿಮ್ಮದಾ?" ಎಂದು ಪಿಸುಗುಟ್ಟುತ್ತಾನೆ. ಅವರದಲ್ಲ. ಮುಂದಿನ ಸಾಲಿಗೆ ಹೋಗಿ ಮತ್ತೆ ಕೇಳುತ್ತಾನೆ. ಅಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ಪಾಪ, ಹುಡುಗನ ತಪ್ಪೇನಿಲ್ಲ, ಅವನು ಹೇಳಿದ ಕೆಲಸ ಮಾಡುತ್ತಿದ್ದಾನೆ. ಆದರೆ ಅದೇ ಸಾಲಿನಲ್ಲಿ ಒಬ್ಬರು ಮನೆಯಿಂದ ತಂದ ಎರಡು ಬಾಳೆಹಣ್ಣನ್ನು ಗೇಟಿನಲ್ಲಿ ಬಿಟ್ಟು ಬಂದು ಕೂತಿದ್ದರೆ, ಶಿಸ್ತಿಗಾಗಿ ಬಿಡಿಸಿಕೊಂಡೆವು ಎಂದು ಅವರಿಗೆ ಯಾವ ಬಾಯಿಂದ ಹೇಳುವುದು? ಬಾಳೆಹಣ್ಣು ಸದ್ದು ಮಾಡುವುದಿಲ್ಲ, ಟಾರ್ಚೂ ಬೇಕಿಲ್ಲ.

ಹಾಗಂತ ಹೊರಗಿನ ತಿಂಡಿ ತರುವವರೆಲ್ಲ ಸಾಧುಗಳು ಎಂದು ನಾನು ಹೇಳುತ್ತಿಲ್ಲ. ಭಾರತದ ಸುಪ್ರೀಂ ಕೋರ್ಟಿನಲ್ಲಿ ಈ ವಿಷಯ ವಿಚಾರಣೆಗೆ ಬಂದಾಗ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಕೊಟ್ಟ ಉದಾಹರಣೆಗಳು ಸರಿಯಾಗಿಯೇ ಇದ್ದವು. ಯಾರೋ ಜಿಲೇಬಿ ತಂದು ತಿಂದು ಅಂಟು ಬೆರಳನ್ನು ಸೀಟಿಗೆ ಒರೆಸಿದರೆ ತೊಳೆಯುವ ಖರ್ಚು ಯಾರದು? ತಂದೂರಿ ಚಿಕನ್ ತಂದು ಮೂಳೆ ಅಲ್ಲೇ ಬಿಟ್ಟು ಹೋದರೆ? ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಳಗೆ ಕೊಂಡ ಚೀಸನ್ನು ಸೀಟಿಗೆ ಒರೆಸುವವರಿಗೂ ಅದೇ ಪ್ರಶ್ನೆ ಕೇಳಬೇಕು ಎಂದಷ್ಟೇ ಸೇರಿಸುತ್ತೇನೆ.

ಆ ತೀರ್ಪನ್ನೂ ಸ್ವಲ್ಪ ನೋಡಿ. 2018ರಲ್ಲಿ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ಹೊರಗಿನ ತಿಂಡಿ, ನೀರು ತಡೆಯಬಾರದು ಎಂದಿತ್ತು. 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಚಿತ್ರಮಂದಿರ ಖಾಸಗಿ ಆಸ್ತಿ, ಷರತ್ತು ಹಾಕುವ ಹಕ್ಕು ಮಾಲೀಕರಿಗಿದೆ ಎಂದಿತು. ಆದರೆ ಶುದ್ಧ ಕುಡಿಯುವ ನೀರು ಉಚಿತವಾಗಿ ಸಿಗಬೇಕು, ಎಳೆ ಮಕ್ಕಳಿಗೆ ಬೇಕಾದಷ್ಟು ಆಹಾರವನ್ನು ತಂದೆ ತಾಯಿ ಒಯ್ಯಬಹುದು ಎಂದೂ ಹೇಳಿತು. ಈ ಎರಡನೇ ಭಾಗವನ್ನು ಗೇಟಿನಲ್ಲಿ ಯಾರೂ ಬೋರ್ಡ್ ಬರೆದು ಹಾಕುವುದಿಲ್ಲ. ಮೊದಲನೆಯದು ಮಾತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ. ಹೊರಗಿನ ತಿಂಡಿ ಬಿಡಲೇಬೇಕು ಎನ್ನುವ ನಿಯಮ ಇರಲಿಲ್ಲ ಎಂಬುದೂ ಆ ತೀರ್ಪಿನ ಕಾರಣಗಳಲ್ಲಿ ಒಂದು. ನಿಯಮ ಬರೆಯುವುದು ಸರ್ಕಾರದ ಕೆಲಸ. ಅದಕ್ಕೇ ಈ ಪತ್ರ ನಿಮಗೆ ಬರುತ್ತಿದೆ.

ಮಾಲೀಕರ ಕಷ್ಟವನ್ನೂ ಕೇಳಬೇಕು. ಟಿಕೆಟ್ ದುಡ್ಡಿನಲ್ಲಿ ದೊಡ್ಡ ಪಾಲು ವಿತರಕರಿಗೆ ಹೋಗುತ್ತದೆ, ಹೊಸ ಚಿತ್ರದ ಮೊದಲ ವಾರಗಳಲ್ಲಂತೂ ಜಾಸ್ತಿ. ತಿಂಡಿಯ ದುಡ್ಡು ಮಾತ್ರ ಥಿಯೇಟರಿನ ಕೈಯಲ್ಲೇ ಉಳಿಯುತ್ತದೆ. ರಿಕಾರ್ಡ್ ಗಿಲ್ ಮತ್ತು ವೆಸ್ಲಿ ಹಾರ್ಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಸ್ಪೇನಿನ ಒಂದು ಥಿಯೇಟರ್ ಸರಣಿಯ ಲೆಕ್ಕ ನೋಡಿ 2009ರ ಸುಮಾರಿಗೆ ಅಧ್ಯಯನ ಪ್ರಕಟಿಸಿದರು. ತಿಂಡಿಯಿಂದ ಬರುವ ಆದಾಯ ಒಟ್ಟಿನಲ್ಲಿ ಸುಮಾರು ಶೇ 20, ಲಾಭದಲ್ಲಿ ಅದರ ಪಾಲು ಶೇ 40. ತಿಂಡಿ ದುಬಾರಿ ಇರುವುದರಿಂದಲೇ ಟಿಕೆಟ್ ದರ ಇನ್ನೂ ಏರದೆ ನಿಂತಿದೆ, ಕೈಯಲ್ಲಿ ಕಾಸು ಕಮ್ಮಿ ಇರುವವರು ಏನೂ ತಿನ್ನದೆ ಸಿನಿಮಾ ನೋಡಬಹುದು ಎಂಬುದು ಅವರ ವಾದ. ಇದನ್ನು ಸುಮ್ನೆ ತಳ್ಳಿ ಹಾಕಲು ಆಗುವುದಿಲ್ಲ. ಆದರೆ ಇದು ಏನೂ ತಿನ್ನದೆ ಕೂರಬಲ್ಲವರ ಲೆಕ್ಕ. ಹಾಗೆ ಕೂರಲು ಆಗದವರೂ ಥಿಯೇಟರಿಗೆ ಬರುತ್ತಾರೆ.

ಮಧುಮೇಹ ಇರುವವರನ್ನು ತೆಗೆದುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ (100 ಮಿ.ಲೀ.) 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಬೆವರು, ನಡುಕ, ತಲೆ ಸುತ್ತು ಶುರುವಾಗಬಹುದು. ಆಗ ತಕ್ಷಣ ಸುಮಾರು 15 ಗ್ರಾಂ ಸಕ್ಕರೆ ಅಂಶ ಹೊಟ್ಟೆಗೆ ಹೋಗಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು ಎಂದು ವೈದ್ಯರು ಹೇಳುತ್ತಾರೆ. ಕತ್ತಲಲ್ಲಿ ಎದ್ದು, ಹತ್ತು ಜನರ ಮೊಣಕಾಲು ದಾಟಿ, ಕೌಂಟರಿನ ಸಾಲಿನಲ್ಲಿ ನಿಲ್ಲುವ ಹೊತ್ತೇ ಅದು? ಒಂದು ಥಿಯೇಟರಿನ ಗೇಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಮಾತ್ರೆ ಡಬ್ಬಿ ತೆರೆದು ತೋರಿಸುತ್ತಾ ನಿಂತಿದ್ದನ್ನು ನೋಡಿದ್ದೇನೆ. ಚೆಕ್ ಮಾಡುವವರು "ಅಮ್ಮಾ, ಮಾತ್ರೆ ತಗೊಂಡು ಹೋಗಿ, ಬಿಸ್ಕತ್ ಇಲ್ಲೇ ಬಿಡಿ" ಎಂದರು. "ಮಾತ್ರೆ ತಗೊಂಡ ಮೇಲೆ ತಿನ್ನೋಕೇ ಬಿಸ್ಕತ್ ಇಟ್ಟುಕೊಂಡಿರೋದಪ್ಪ" ಎಂದು ಅವರು ಮೆಲ್ಲಗೆ ಹೇಳಿದರು. ಗುರುತು ಪರಿಚಯ ಇಲ್ಲದವರ ಮುಂದೆ ತಮ್ಮ ಕಾಯಿಲೆ ಹೇಳಿಕೊಳ್ಳಬೇಕಾಗಿ ಬಂದ ಆ ಸಂಕೋಚ ಅವರ ಮುಖದಲ್ಲಿ ಕಾಣುತ್ತಿತ್ತು. ಅಲರ್ಜಿ ಇರುವವರ ಪಾಡೂ ಹೀಗೆಯೇ. ಕಡಲೆಕಾಯಿಯ ಪುಡಿ ತಾಗಿದರೂ ಉಸಿರು ಕಟ್ಟುವ ಮಗುವಿಗೆ ತಾಯಿ ಗೊತ್ತಿಲ್ಲದ ಅಡುಗೆಮನೆಯ ತಿಂಡಿ ಕೊಡುವುದು ಹೇಗೆ?

ಬೇರೆ ಕಡೆ ದಾರಿ ಹುಡುಕಿಕೊಂಡಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗ ಮಧ್ಯೆ ಬಂದ ಮೇಲೆ, 2008ರಿಂದ ಥಿಯೇಟರುಗಳು ಹೊರಗಿನ ತಿಂಡಿ ಬಿಡುತ್ತಿವೆ. ಜೋರು ವಾಸನೆಯದ್ದನ್ನು ತಡೆಯುವ ಅವಕಾಶ ಅವರಿಗಿದೆ. ತೈವಾನಿನಲ್ಲೂ ಪೂರ್ತಿ ನಿಷೇಧ ಮಾಡುವಂತಿಲ್ಲ. ಬ್ರಿಟನ್ನಿನ ಕೆಲವು ದೊಡ್ಡ ಸರಣಿಗಳು ತಾವಾಗಿಯೇ ತಣ್ಣನೆ ತಿಂಡಿಗೆ ಒಪ್ಪುತ್ತವೆ, ಬಿಸಿ ಊಟ ಮತ್ತು ಮದ್ಯ ಬೇಡ ಎನ್ನುತ್ತವೆ. ಇಲ್ಲೆಲ್ಲ ಗೆರೆ ಎಳೆದಿರುವುದು ತಿಂಡಿಯ ಗುಣ ನೋಡಿ. ಅಲ್ಲಿ ಕೌಂಟರುಗಳೂ ನಡೆಯುತ್ತಿವೆ. ಸಿನಿಮಾಕ್ಕೆ ಬಂದು ಬಿಸಿ ಪಾಪ್‌ಕಾರ್ನ್ ತಿನ್ನುವ ಆಸೆ ಜನರಿಗೆ ಎಲ್ಲೂ ಹೋಗಿಲ್ಲ.

ನಿಯಮದಲ್ಲಿ ಏನಿರಬೇಕು ಎಂದು ಕೇಳಿದರೆ, ನನ್ನ ಮನಸ್ಸಿನಲ್ಲಿ ಇರುವುದು ಇದು. ಜೋರು ವಾಸನೆಯ ಬಿಸಿ ಅಡುಗೆ, ರಸ ಸೋರುವ ತಿಂಡಿ, ಮೂಳೆ ಉಳಿಯುವಂಥದ್ದು, ಗಾಜಿನ ಬಾಟಲಿ ಹಾಲ್ ಒಳಗೆ ಬೇಡ. ಹೊರಗಿನದಾದರೂ ಬೇಡ, ಕೌಂಟರಿನದಾದರೂ ಬೇಡ. ಸಿನಿಮಾ ನಡೆಯುವಾಗ ಸೀಟಿಗೆ ತಿಂಡಿ ತಂದು ಕೊಡುವುದನ್ನು ನಿಲ್ಲಿಸಿ, ಶುರುವಿಗೆ ಮೊದಲು ಮತ್ತು ಇಂಟರ್ವಲ್ಲಿನಲ್ಲಿ ಕೊಡಲಿ. ನೀರು, ಮಗುವಿನ ಆಹಾರ, ಆರೋಗ್ಯದ ಕಾರಣಕ್ಕೆ ಬೇಕಾದ ತಿಂಡಿಗೆ ಚೀಟಿ ಕೇಳಬಾರದು, ವಿವರಣೆಯನ್ನೂ ಕೇಳಬಾರದು. ಏನು ಬಿಡುತ್ತಾರೆ, ಏನು ಬಿಡುವುದಿಲ್ಲ ಎಂಬುದು ಟಿಕೆಟ್ ಬುಕ್ ಮಾಡುವಾಗಲೇ ಕಾಣಬೇಕು. ದುಡ್ಡು ಕಟ್ಟಿ, ಗಾಡಿ ನಿಲ್ಲಿಸಿ, ಗೇಟಿಗೆ ಬಂದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಬ್ಯಾಗನ್ನು ಆಯುಧ, ಬೆಂಕಿ ಹತ್ತುವ ವಸ್ತುಗಳಿಗಾಗಿ ನೋಡಲಿ, ಅದು ನಮ್ಮದೇ ಸುರಕ್ಷತೆ. ಊಟದ ಡಬ್ಬಿಯ ಮುಚ್ಚಳ ತೆಗೆಸಿ ಮೂಸುವ ಕೆಲಸಕ್ಕೆ ಆ ಸಿಬ್ಬಂದಿಯನ್ನು ಹಚ್ಚಬೇಡಿ, ಅವರಿಗೂ ಅದು ಮರ್ಯಾದೆಯ ಕೆಲಸವಲ್ಲ.

ಸದ್ದಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಪಕ್ಕದವರ ಪ್ಲಾಸ್ಟಿಕ್ ಪೊಟ್ಟಣದ ಪರಪರ ಸದ್ದು ಯಾರನ್ನು ಕಾಡಿಲ್ಲ? ಮರ್ಯಾದಸ್ಥರು ಸದ್ದಾಗಬಾರದು ಎಂದು ಮೆಲ್ಲ ಮೆಲ್ಲಗೆ ಬಿಚ್ಚುತ್ತಾರೆ. ಅದರಿಂದ ಉಪಯೋಗ ಇಲ್ಲ. ಎರಿಕ್ ಕ್ರೇಮರ್ ಮತ್ತು ಅಲೆಕ್ಸಾಂಡರ್ ಲೊಬ್ಕೊವ್‌ಸ್ಕಿ ಎಂಬ ಅಮೆರಿಕದ ಭೌತವಿಜ್ಞಾನಿಗಳು 2000ನೇ ಇಸವಿಯಲ್ಲಿ ಮಿಠಾಯಿ ಸುತ್ತುವ ಹಾಳೆಯ ಸದ್ದನ್ನು ರೆಕಾರ್ಡ್ ಮಾಡಿ ಪರೀಕ್ಷಿಸಿದರು. ಅದು ಒಂದೇ ಸಮನೆ ಬರುವ ಸದ್ದಲ್ಲ. ಹಾಳೆಯ ಒಂದೊಂದು ಮಡಿಕೆ ಥಟ್ಟನೆ ಆಕಾರ ಬದಲಿಸುವಾಗ ಒಂದೊಂದು ಚಿಕ್ಕ 'ಟಿಕ್' ಬರುತ್ತದೆ, ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು. ನಿಧಾನ ಬಿಚ್ಚಿದರೂ, ಬೇಗ ಬಿಚ್ಚಿದರೂ ಆ ಟಿಕ್ಕಿನ ಜೋರು ಅಷ್ಟೇ. ನಿಧಾನ ಮಾಡಿದರೆ ಕಾಟ ಇನ್ನಷ್ಟು ಹೊತ್ತು ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ಸಿನಿಮಾ ಶುರುವಾಗುವ ಮೊದಲೇ ಬಿಚ್ಚಿ ಕಾಗದದ ಬಟ್ಟಲಿಗೋ ಡಬ್ಬಿಗೋ ಸುರಿದುಕೊಂಡರೆ ಈ ಕಾಟವೇ ಇರುವುದಿಲ್ಲ. ಬಾಗಿಲ ಬಳಿ ಕಾಗದದ ಬಟ್ಟಲು ಇಡುವಂತೆ ಥಿಯೇಟರುಗಳಿಗೆ ಹೇಳಿ. ಪರಪರ ಎನ್ನುವ ಪೊಟ್ಟಣವನ್ನು ಕೌಂಟರಿನಲ್ಲೂ ಹಾಗೇ ಕೈಗೆ ಕೊಡುವಂತಿಲ್ಲ ಎಂದು ಬರೆಯಿರಿ.

ಪ್ರೇಕ್ಷಕರ ಪಾಲಿನ ಕೆಲಸವೂ ಇದೆ, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ. ತಂದ ತಿಂಡಿಯ ಕಸ ತಂದವರೇ ಎತ್ತಬೇಕು. ಬಿದ್ದ ಚೂರು ಹುಡುಕಲು ಮೊಬೈಲ್ ಟಾರ್ಚ್ ಹಾಕಬಾರದು. ಸಾಲಿನ ಈ ತುದಿಯಿಂದ ಆ ತುದಿಗೆ ಅಪರಿಚಿತರ ತಲೆ ಮೇಲೆ ಡಬ್ಬಿ ದಾಟಿಸಬಾರದು. ಪ್ರತಿ ಆಟ ಮುಗಿದ ಮೇಲೆ ದೀಪ ಹಾಕಿಕೊಂಡು ಸೀಟಿನ ಸಂದಿಗೆ ಕೈ ಹಾಕಿ ಕಸ ಕೀಳುವವರು ಇರುತ್ತಾರೆ, ಮುಂದಿನ ಆಟಕ್ಕೆ ಮೊದಲು ಅವರಿಗೆ ಸಿಗುವುದು ಕೆಲವೇ ನಿಮಿಷ. ಹೊರಗಿನ ತಿಂಡಿ ಬಿಟ್ಟರೆ ಅವರ ಕೆಲಸ ಹೆಚ್ಚಬಾರದು. ಅದಕ್ಕೆ ಪ್ರತಿ ಬಾಗಿಲಲ್ಲೂ ದೊಡ್ಡ ಕಸದ ಡಬ್ಬ ಇರಬೇಕು, ಬೇಕೆಂದೇ ಗಲೀಜು ಮಾಡಿದವರಿಂದ ದಂಡ ವಸೂಲಿ ಮಾಡುವ ಅಧಿಕಾರ ಥಿಯೇಟರಿಗೆ ಇರಬೇಕು. ದಂಡವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಹೊರಗಿನ ತಿಂಡಿ ತರುವ ಹಕ್ಕು ಕೇಳುವವರು ಅದಕ್ಕೂ ತಯಾರಿರಬೇಕು.

ಮಾಲೀಕರು, ಸಿಬ್ಬಂದಿ, ಪ್ರೇಕ್ಷಕರು, ಮಧುಮೇಹ ಮತ್ತು ಅಲರ್ಜಿ ಇರುವವರು, ಎಳೆ ಮಕ್ಕಳ ತಾಯಂದಿರು, ಎಲ್ಲರನ್ನೂ ಒಂದು ಕಡೆ ಕೂರಿಸಿ ಕರಡು ನಿಯಮ ಮಾಡಿಸಿ. ಅದನ್ನು ಜನರ ಅಭಿಪ್ರಾಯಕ್ಕೆ ಬಿಡಿ. ಅಲ್ಲಿಯವರೆಗೆ ಒಂದು ಸುತ್ತೋಲೆಯನ್ನಾದರೂ ಬೇಗ ಹೊರಡಿಸಿ: ಉಚಿತ ನೀರು ಎಲ್ಲಿ ಸಿಗುತ್ತದೆ, ಮಗುವಿನ ಆಹಾರ ಒಳಗೆ ಒಯ್ಯಬಹುದು, ಈ ಎರಡು ಸಾಲನ್ನು ಪ್ರತಿ ಗೇಟಿನಲ್ಲೂ ದಪ್ಪ ಅಕ್ಷರದಲ್ಲಿ ಬರೆಸಿ ಹಾಕುವಂತೆ. ಅದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಸಿನಿಮಾವನ್ನು ಥಿಯೇಟರಿನಲ್ಲೇ ನೋಡಬೇಕು ಎನ್ನುವ ಒಬ್ಬ ಪ್ರೇಕ್ಷಕ