ಮಗಳಿಗೊಂದು ಪತ್ರ: ದಿಂಬಿನ ಕೆಳಗಿನ ಪುಸ್ತಕ

ಪುಟ್ಟಾ,

ನಿನ್ನೆ ರಾತ್ರಿ ನಾನು ಕೋಣೆಗೆ ಬಂದ ತಕ್ಷಣ ಓದುತ್ತಿದ್ದ ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದೆಯಲ್ಲ, ಅದು ಬೆಳಿಗ್ಗೆವರೆಗೂ ಮನಸ್ಸಿನಲ್ಲೇ ಕೂತಿತ್ತು. ಕೇಳಿದರೆ "ಏನಿಲ್ಲಮ್ಮ, ಸುಮ್ನೆ ಟೈಮ್‌ಪಾಸ್" ಅಂದೆ. ಬೇಜಾರಾಗಿದ್ದು ಆ ಮಾತಿಗೆ. ಉದ್ದ ಗೌನು, ಕುದುರೆ ಗಾಡಿ, ಹಿಂದೊಂದು ದೊಡ್ಡ ಬಂಗಲೆ. ಮುಖಪುಟ ನೋಡಿದ ಕೂಡಲೇ ಗೊತ್ತಾಯಿತು. ರೀಜೆನ್ಸಿ ರೊಮಾನ್ಸ್, ಅಂದರೆ ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ನಡೆಯುವ ಪ್ರೇಮಕಥೆ. ಇಂಥವನ್ನು ನಾನೂ ಎಷ್ಟೋ ಓದಿದ್ದೇನೆ ಕಣೇ.

ಆಗ ನೀನು ಮೂರು ತಿಂಗಳ ಕೂಸು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅಳುತ್ತಿದ್ದೆ. ತೊಡೆಯ ಮೇಲೆ ನೀನು, ಬಲಗೈಯಲ್ಲಿ ಪುಸ್ತಕ. ಬೇರೆ ಯಾವ ಪುಸ್ತಕ ಹಿಡಿದರೂ ಎರಡು ಸಾಲಿಗಿಂತ ಮುಂದೆ ತಲೆ ಓಡುತ್ತಿರಲಿಲ್ಲ. ಈ ಕಥೆಗಳು ಕೈಹಿಡಿದವು. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಜನ ಅದನ್ನೇ ಕೊರತೆ ಅನ್ನುತ್ತಾರೆ, ನನಗೆ ಅದೇ ನೆಮ್ಮದಿ ಕೊಟ್ಟಿದ್ದು. ಏನಾಗುತ್ತದೋ ಅನ್ನುವ ಭಯ ಇಲ್ಲದಿದ್ದರೆ ಹೇಗಾಗುತ್ತದೆ ಅನ್ನುವ ಕಡೆ ಗಮನ ಹೋಗುತ್ತದೆ. ಅವನು ಏನೋ ಅಂದ, ಅವಳು ಥಟ್ಟನೆ ತಿರುಗೇಟು ಕೊಟ್ಟಳು, ಮಾತಿನಮಲ್ಲ ಅನ್ನಿಸಿಕೊಂಡವನಿಗೆ ಮೊದಲ ಸಲ ಬಾಯಿ ಕಟ್ಟಿತು. ಅಷ್ಟು ಹೊತ್ತಿಗೆ ಅರ್ಧ ಪ್ರೀತಿ ಆಗಿಹೋಗಿರುತ್ತದೆ, ಅವರಿಬ್ಬರಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಾಗಿರುತ್ತದೆ!

ಈ ಬಗೆಯ ಕಥೆಗೆ ದಾರಿ ಮಾಡಿದವರು ಇಂಗ್ಲೆಂಡಿನ ಕಾದಂಬರಿಗಾರ್ತಿ ಜಾರ್ಜೆಟ್ ಹೇಯರ್. ಕಾಯಿಲೆ ಬಿದ್ದ ತಮ್ಮನಿಗೆ ಬೇಸರ ಕಳೆಯಲಿ ಅಂತ ಕಟ್ಟಿದ ಕಥೆಯೇ ಅವರ ಮೊದಲ ಕಾದಂಬರಿಯಾಗಿ 1921ರಲ್ಲಿ ಅಚ್ಚಾಯಿತು. ಆಗ ಅವರಿಗೆ 19 ವರ್ಷ. ನಿದ್ದೆಗೆಟ್ಟು ಕೂತ ನನಗೂ ಅಂಥದ್ದೇ ಒಂದು ಕಥೆ ಜೊತೆಯಾಯಿತಲ್ಲ ಅಂತ ಈಗಲೂ ನೆನೆಸಿಕೊಳ್ಳುತ್ತೇನೆ.

ಇನ್ನು ಈ ಕಥೆಗಳು ನಡೆಯುವ ಕಾಲ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಕಾಯಿಲೆಯಿಂದ ಆಳಲಾಗದೆ ಹೋದಾಗ ಮಗ ರೀಜೆಂಟ್ ಆಗಿ, ಅಂದರೆ ದೊರೆಯ ಬದಲಿಗೆ, ರಾಜ್ಯ ನೋಡಿಕೊಂಡ, 1811ರಿಂದ 1820ರವರೆಗೆ. ಬರೀ ಒಂಬತ್ತು ವರ್ಷ, ಅದರೊಳಗೆ ಅದೆಷ್ಟು ಕಥೆಗಳು! ಯಾಕೆ ಅಂದರೆ ಅಲ್ಲಿನ ಕಟ್ಟುಪಾಡು. ಒಬ್ಬನ ಜೊತೆ ಒಂದೇ ರಾತ್ರಿ ಮೂರನೇ ಸಲ ಕುಣಿದರೆ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಲಂಡನ್ನಿನ ಆಲ್ಮ್ಯಾಕ್ಸ್ ಅನ್ನುವ ದೊಡ್ಡವರ ನೃತ್ಯಕೂಟದ ಮನೆಯಲ್ಲಿ ನಡೆಯುತ್ತಿದ್ದ ಬುಧವಾರದ ನೃತ್ಯಕ್ಕೆ ಹೋಗಬೇಕಾದರೆ ಕೆಲವೇ ದೊಡ್ಡಮನೆ ಹೆಂಗಸರು ಒಪ್ಪಿ ಚೀಟಿ ಕೊಡಬೇಕಿತ್ತು. ಎಲ್ಲದಕ್ಕೂ ಇಷ್ಟು ಕಣ್ಗಾವಲು ಇರುವ ಕಡೆ ಕೈಗವಸು ಬಿಚ್ಚುವುದೂ ಒಂದು ದೊಡ್ಡ ಸಂಗತಿಯೇ, ಅಲ್ವಾ?

ಆ ಬಂಗಲೆಗಳ ದುಡ್ಡು ಎಲ್ಲಿಂದ ಬಂತು ಅಂತಲೂ ಓದುವಾಗ ಕೇಳಿಕೋ. ಎಷ್ಟೋ ಮನೆಗಳದ್ದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟದಲ್ಲಿ ಗುಲಾಮರು ಸುರಿಸಿದ ಬೆವರು. ಹೆಚ್ಚಿನ ಕಥೆಗಳು ಇದನ್ನು ಹೇಳದೆ ದಾಟಿಬಿಡುತ್ತವೆ, ನನಗೆ ಅದು ಸರಿ ಕಾಣುವುದಿಲ್ಲ.

ಆದರೂ ಒಂದು ವಿಷಯಕ್ಕೆ ಈ ಪುಸ್ತಕಗಳ ಮೇಲೆ ನನಗೆ ತುಂಬ ಪ್ರೀತಿ. ಆಗ ಮದುವೆಯಾದ ಹೆಣ್ಣಿನ ಸಂಪಾದನೆ, ಕೈಯಲ್ಲಿದ್ದ ಹಣ, ಒಡವೆ ಎಲ್ಲ ಕಾನೂನಿನ ಪ್ರಕಾರ ಗಂಡನದ್ದು. ಅದು ಬದಲಾಗಲು 1870ರ, ಆಮೇಲೆ 1882ರ ಕಾಯಿದೆಗಳು ಬರಬೇಕಾಯಿತು. ಅಂದರೆ ನಾಯಕಿ ಶ್ರೀಮಂತನೊಬ್ಬನಿಗೆ ನಗುನಗುತ್ತಲೇ "ಬೇಡ" ಅಂದಾಗ ಅವಳು ತನ್ನ ಇಡೀ ಬದುಕಿನ ಆಸರೆಯನ್ನೇ ಬೇಡ ಅನ್ನುತ್ತಿರುತ್ತಾಳೆ. ಮತ್ತೆ ಆ ಹುಡುಗ. ಕಾನೂನು ಎಲ್ಲವನ್ನೂ ಅವನ ಕೈಗೆ ಕೊಟ್ಟಿದೆ. ಆದರೂ ಒಳ್ಳೆಯ ಕಥೆಯಲ್ಲಿ ಅವನು ಕೇಳುತ್ತಾನೆ, ಕಾಯುತ್ತಾನೆ, ತನ್ನದು ತಪ್ಪಾಯಿತು ಅಂತ ಎದುರಿಗೆ ನಿಂತು ಹೇಳುತ್ತಾನೆ. ಹೆಣ್ಣಿನ ಮಾತನ್ನು ಇಷ್ಟು ಗಮನ ಕೊಟ್ಟು ಆಲಿಸುವ ಗಂಡಸರನ್ನು ನಾನು ಆ ವಯಸ್ಸಿನಲ್ಲಿ ಪುಸ್ತಕದಲ್ಲೇ ಜಾಸ್ತಿ ನೋಡಿದ್ದು. ನಿನ್ನ ಅಪ್ಪನನ್ನು ಒಪ್ಪುವಾಗ ನಾನು ಮೊದಲು ನೋಡಿದ್ದೂ ಅದನ್ನೇ.

ಬೆಳಿಗ್ಗೆ ಹಾಸಿಗೆ ಸರಿಮಾಡುವಾಗ ನಿನ್ನ ಪುಸ್ತಕದ ಎಂಟು ಪುಟ ಓದಿದೆ. ನೀನಿಟ್ಟ ಗುರುತು ಅಲ್ಲೇ ಇದೆ. ಮಳೆಯಲ್ಲಿ ಗಾಡಿಯ ಗಾಲಿ ಮುರಿದಿದೆ, ಅವನು ಕೊಡೆ ಹಿಡಿದಿದ್ದಾನೆ, ಅವಳು ಬೇಡ ಅಂದು ನೆನೆಯುತ್ತಾ ನಿಂತಿದ್ದಾಳೆ. ಮುಗಿದ ಮೇಲೆ ನನಗೆ ಕೊಡು. ಮುಂದೇನಾಯಿತು ಅಂತ ಮಾತ್ರ ಹೇಳಬೇಡ.

ನಿನ್ನ
ಅಮ್ಮ