ಕೊಟೊ ಸೇರಿಸಿದ ಮಾತ್ರಕ್ಕೆ ಜಪಾನಿ ಸಂಗೀತವಾಗದು

ಮಾನ್ಯ ಸಂಪಾದಕರೇ,

ಜಪಾನಿ ಛಾಯೆಯ ವಾದ್ಯವೃಂದ ಸಂಗೀತವನ್ನು ಕಂಪ್ಯೂಟರಿನಲ್ಲಿ ರಚಿಸಿ ಮಿಕ್ಸಿಂಗ್ ಮಾಡುವ, ಅಂದರೆ ವಾದ್ಯಗಳ ಧ್ವನಿಗಳನ್ನು ಹದವಾಗಿ ಬೆರೆಸುವ ಬಗೆಯನ್ನು ವಿವರಿಸಿದ, ತಮ್ಮ ಭಾನುವಾರದ ಪುರವಣಿಯ ಲೇಖನವನ್ನು ಆಸಕ್ತಿಯಿಂದ ಓದಿದೆ. ತಂತ್ರಾಂಶಗಳ ಮಾಹಿತಿ ಉಪಯುಕ್ತವಾಗಿದೆ. ಆದರೆ ಪಿಟೀಲು, ಚೆಲ್ಲೊಗಳ ದಟ್ಟ ಹಿನ್ನೆಲೆಗೆ ಐದು ಸ್ವರಗಳ ಧಾಟಿ, ಅದರ ಮೇಲೆ ಕೊಟೊ ಎಂಬ ಉದ್ದನೆಯ ಜಪಾನಿ ತಂತಿವಾದ್ಯ, ಕೊನೆಗೆ ತೈಕೊ ಡೋಲಿನ ಅಬ್ಬರ ಸೇರಿಸಿದರೆ ಕೆಲಸ ಮುಗಿಯಿತೆಂಬ ಅದರ ಧೋರಣೆಯನ್ನು ಒಪ್ಪಲಾಗದು.

ಐದು ಸ್ವರವೆಂದರೆ ಸಾಲದು, ಯಾವ ಐದು ಎಂಬುದನ್ನು ಹೇಳಬೇಕು. ಕೊಟೊ ಮತ್ತು ಮೂರು ತಂತಿಗಳ ಶಮಿಸೆನ್ ವಾದ್ಯಗಳ ಸಂಗೀತದಲ್ಲಿ ಹೆಚ್ಚಾಗಿ ಕೇಳಿಬರುವ ಮಿಯಾಕೊಬುಶಿ ಶ್ರೇಣಿಯಲ್ಲಿರುವುದು ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ ಮತ್ತು ಶುದ್ಧ ಧೈವತ. ‘ಕರ್ನಾಟಕ ಶುದ್ಧ ಸಾವೇರಿ’ ರಾಗ ಬಲ್ಲವರಿಗೆ ಇವು ಪರಿಚಿತ ಸ್ವರಗಳೇ. ಗಾಂಧಾರವೇ ಇಲ್ಲದ ಈ ಶ್ರೇಣಿಯ ಷಡ್ಜದ ಮೇಲೆ ಮೇಜರ್ ಅಥವಾ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗುಚ್ಛ) ಕಟ್ಟಿದೊಡನೆ ಗಾಂಧಾರವು ಹಿತ್ತಿಲ ಬಾಗಿಲಿನಿಂದ ಒಳನುಗ್ಗಿ ಇಡೀ ಬಣ್ಣವನ್ನೇ ಕೆಡಿಸುತ್ತದೆ. ಅದರ ಬದಲು ಗಗಾಕು ಆಸ್ಥಾನ ಸಂಗೀತದ ‘ಶೋ’ ವಾದ್ಯವನ್ನು ಗಮನಿಸಬಹುದಿತ್ತು. 17 ಬಿದಿರ ಕೊಳವೆಗಳಲ್ಲಿ 15 ಮಾತ್ರ ನುಡಿಯುವ ಆ ವಾದ್ಯವು ಐದಾರು ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲುವ ರೀತಿಯೇ ತಂತಿವಾದ್ಯಗಳ ಹಿನ್ನೆಲೆಗೆ ಒಳ್ಳೆಯ ಮಾದರಿ.

ಮಿಕ್ಸಿಂಗ್ ಕುರಿತ ಸಲಹೆಯೊಂದು ನನ್ನದೇ ತಪ್ಪನ್ನು ನೆನಪಿಸಿತು. ಶಕುಹಾಚಿ ಕೊಳಲಿನ ಉಸಿರಿನ ಸದ್ದನ್ನು ತೆಗೆದುಹಾಕಬೇಕೆಂದು ಲೇಖಕರು ಹೇಳುತ್ತಾರೆ. ನಾಲ್ಕು ನಿಮಿಷದ ರಚನೆಯೊಂದರಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಉಳಿದದ್ದು ಮಕ್ಕಳ ಪೀಪಿಯ ಸ್ವರವೆಂಬುದು ಮರುದಿನ ಕೇಳಿದಾಗ ಅರಿವಾಯಿತು. ಐದೇ ರಂಧ್ರಗಳ ಆ ವಾದ್ಯದಲ್ಲಿ ಗಾಳಿಯನ್ನು ರಭಸದಿಂದ ಊದಿ, ಉಸಿರಿನ ಸದ್ದನ್ನೇ ಸಂಗೀತವಾಗಿಸುವ ‘ಮುರಾಇಕಿ’ ಎಂಬ ವಾದನಕ್ರಮವೇ ಇದೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ‘ಮಾ’, ಅಂದರೆ ಎರಡು ನಾದಗಳ ನಡುವಿನ ಜೀವಂತ ಬಿಡುವು, ಲೇಖನದಲ್ಲಿ ಎಲ್ಲಿಯೂ ಪ್ರಸ್ತಾಪವಾಗದಿರುವುದು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ 125ನೇ ವರ್ಷಕ್ಕಾಗಿ 1967ರಲ್ಲಿ ಜಪಾನಿ ಸಂಗೀತ ರಚನಕಾರ ತೊರು ತಕೆಮಿತ್ಸು ರಚಿಸಿದ ‘ನವೆಂಬರ್ ಸ್ಟೆಪ್ಸ್’ ಕೃತಿಯಲ್ಲಿ ಬಿವಾ ಎಂಬ ತಂತಿವಾದ್ಯ ಮತ್ತು ಶಕುಹಾಚಿಗಳೆರಡೇ ದೀರ್ಘಕಾಲ ನುಡಿಯುವಾಗ ಅಷ್ಟು ದೊಡ್ಡ ವಾದ್ಯವೃಂದ ಸುಮ್ಮನೆ ಕುಳಿತಿರುತ್ತದೆ. ನಾವಾದರೋ ಬಿಡುವು ಕಂಡಲ್ಲೆಲ್ಲ ರಿವರ್ಬ್ (ಕೃತಕ ಮಾರ್ದನಿ) ತುಂಬುತ್ತೇವೆ. ಕೊಟೊದ ತಂತಿ ಮೀಟಿದ ಕ್ಷಣದ ಮೊನಚು ಉಳಿಯಬೇಕಾದರೆ ಅದಕ್ಕೆ ಪಿಟೀಲುಗಳಿಗಿಂತ ಕಡಿಮೆ ರಿವರ್ಬ್, ತುಸು ಹೆಚ್ಚು ಪ್ರಿ-ಡಿಲೇ (ಮೂಲ ನಾದಕ್ಕೂ ಮಾರ್ದನಿಗೂ ನಡುವಿನ ಅಂತರ) ಇರಬೇಕು. ಕೊನೆಯಲ್ಲಿ ಧ್ವನಿಯ ಏರುಗಳನ್ನು ತಡೆಯುವ ಲಿಮಿಟರನ್ನು ಮಿತಿಮೀರಿ ಒತ್ತಿದರೆ ಆರಿಹೋಗಬೇಕಾದ ನಾದದ ಬಾಲವೂ ಮೇಲೆದ್ದು ಬಿಡುವೆಂಬುದೇ ಇಲ್ಲವಾಗುತ್ತದೆ.

ತೈಕೊ ಬಗ್ಗೆ ಒಂದು ತಿದ್ದುಪಡಿ. ಡೋಲು ಪುರಾತನವಾದರೂ, ಲೇಖಕರು ‘ಸಾವಿರಾರು ವರ್ಷಗಳ ಪರಂಪರೆ’ ಎಂದಿರುವ ಸಾಮೂಹಿಕ ತೈಕೊ ಮೇಳ ಈಗಿನ ರೂಪ ಪಡೆದದ್ದು 1951ರಲ್ಲಿ, ನಗಾನೊ ಪ್ರಾಂತ್ಯದ ಜಾಝ್ ಡ್ರಮ್ಮರ್ ದೈಹಾಚಿ ಒಗುಚಿಯವರಿಂದ. ಅದನ್ನು ಬಳಸುವುದು ತಪ್ಪಲ್ಲ. ಆದರೆ ಅದರ ತಗ್ಗುದನಿ ಡಬಲ್ ಬಾಸ್‌ಗಳನ್ನು ನುಂಗುವುದರಿಂದ, ಡೋಲು ಬೀಳುವ ಕಡೆ ಬಾಸ್‌ಗಳಿಗೆ ವಿರಾಮ ಕೊಡುವುದು ರಚನೆಯ ಹಂತದಲ್ಲೇ ಆಗಬೇಕಾದ ಕೆಲಸ. ಮಿಕ್ಸಿಂಗ್‌ಗೆ ಬಿಟ್ಟರೆ ತಡವಾಗಿರುತ್ತದೆ.

ಈ ವಿಷಯದ ಮುಂದಿನ ಲೇಖನವನ್ನು ಕೊಟೊ ಅಥವಾ ಶಕುಹಾಚಿ ನುಡಿಸಬಲ್ಲವರೊಬ್ಬರಿಂದ ಬರೆಸಬೇಕೆಂದು ವಿನಂತಿ.

ಇತಿ,
ತಮ್ಮ ಓದುಗ